ಮದ್ದು ಬಿಟ್ಟಾಯ್ತಾ?

ಅಪ್ಪ ಮೊನ್ನೆ ಮನೆಗೆ ಬಂದರು. 23 ದಿನ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು, ಅದರಲ್ಲಿ 9 ದಿನ ವೆಂಟಿಲೇಟರಿನಲ್ಲಿ. ಫೋನ್ ಮಾಡಿದವರಿಗೆಲ್ಲ ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಲ್ಲಿ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಡಾಕ್ಟರಿಗೆ ಕೈ ಮುಗಿಯಬೇಕು. ಅಪ್ಪನಿಗೆ ನಾಲ್ಕು ದಿನದಿಂದ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು. ತೋಟದಲ್ಲಿ ಮಳೆಗೆ ನೆನೆದದ್ದಕ್ಕೆ ಅಂದುಕೊಂಡು ಪ್ಯಾರಾಸಿಟಮಾಲ್ ಕೊಡುತ್ತಾ ಕೂತೆವು. ತಪ್ಪು ನಮ್ಮದೇ. ಐದನೇ ದಿನ ದಮ್ಮು ಶುರುವಾಯಿತು. ಡಾಕ್ಟರ ಹತ್ತಿರ ಆಕ್ಸಿಮೀಟರ್ ರಕ್ತದ ಆಕ್ಸಿಜನ್ 91 ತೋರಿಸಿತು. "ತೊಂದರೆ ಇಲ್ಲ ಅಲ್ವಾ?" ಅಂದೆ. ಅವರು ಮಾತಾಡಲಿಲ್ಲ. ವಾಚ್ ನೋಡುತ್ತಾ ಪೂರ್ತಿ ಒಂದು ನಿಮಿಷ ಅಪ್ಪನ ಉಸಿರು ಎಣಿಸಿದರು. 36. ಆರಾಮಾಗಿ ಕೂತ ಮನುಷ್ಯನಿಗೆ 12ರಿಂದ 20 ಇರುತ್ತದಂತೆ. ಆಮೇಲೆ ಅಪ್ಪನನ್ನು ಮಾತಾಡಿಸಿದರು. ಎರಡೆರಡು ಪದಕ್ಕೆ ಅಪ್ಪ ನಿಲ್ಲುತ್ತಿದ್ದರು. "ಈ 91 ಉಳಿಸಿಕೊಳ್ಳಲು ಎಷ್ಟು ಕಷ್ಟಪಡುತ್ತಿದ್ದಾರೆ ನೋಡಿ. ಸುಸ್ತಾದರೆ ಒಮ್ಮೆಲೇ ಇಳಿಯುತ್ತದೆ. ಇಲಿಜ್ವರ ಇರಬಹುದು, ಈಗಲೇ ಹೊರಡಿ" ಅಂದರು. ಆಕ್ಸಿಜನ್ ಇರುವ ಆಂಬುಲೆನ್ಸನ್ನೂ ಅವರೇ ತರಿಸಿದರು.

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವಾಗ 2020ರ ಮಾರ್ಚ್ ನೆನಪಾಯಿತು. ಆಗ ಕೊರೊನಾ ಅಂತ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದು, ಇಲ್ಲಿ ಆಂಬುಲೆನ್ಸನ್ನೂ ತಡೆದಿದ್ದರು. ಈ ಸಲ ಚಾಲಕ ಎಲ್ಲೂ ನಿಲ್ಲಿಸಲಿಲ್ಲ. ಅವರಿಗೂ ಥ್ಯಾಂಕ್ಸ್.

ಪರೀಕ್ಷೆಯಲ್ಲಿ ಇಲಿಜ್ವರವೇ ಅಂತ ಬಂತು. ಶ್ವಾಸಕೋಶದೊಳಗೆ ರಕ್ತ, ನೀರು. ಅದೇ ರಾತ್ರಿ ಗಂಟಲಿಗೆ ಟ್ಯೂಬ್ ಹಾಕಿದರು. ಐಸಿಯುವಿನ ಡಾಕ್ಟರ್ ಮಲಗಿದ್ದ ಅಪ್ಪನನ್ನು ಟೇಪ್ ಹಿಡಿದು ಅಳೆಯುವುದನ್ನು ಕಂಡು ನನಗೆ ಎದೆ ಧಸಕ್ಕೆಂದಿತು. ಹೆಣಕ್ಕೆ ಅಳತೆ ತೆಗೆದ ಹಾಗೆ. ಅದು ಗಾಳಿಯ ಲೆಕ್ಕಕ್ಕಂತೆ. ಮನುಷ್ಯ ದಪ್ಪಗಾದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅಪ್ಪ 78 ಕಿಲೋ ಇದ್ದಾರೆ, ಆದರೆ 165 ಸೆಂಟಿಮೀಟರ್ ಎತ್ತರಕ್ಕೆ ಲೆಕ್ಕ ಹಿಡಿಯುವುದು ಸುಮಾರು 61 ಕಿಲೋ. ಕಿಲೋಗೆ 6 ಮಿಲಿಲೀಟರಿನಂತೆ ಒಂದು ಉಸಿರಿಗೆ 370. "ಜಾಸ್ತಿ ಕೊಟ್ಟರೆ ಬೇಗ ಹುಷಾರಾಗುವುದಿಲ್ವಾ?" ಅಂತ ಕೇಳಿದೆ. ಗಾಳಿ ಹೋಗುವ ಜಾಗವೇ ಸ್ವಲ್ಪ ಉಳಿದಿದೆ, ಜಾಸ್ತಿ ತುಂಬಿದರೆ ಅದೂ ಹಾಳಾಗುತ್ತದೆ ಅಂದರು. ಉಸಿರು ಬಿಟ್ಟ ಮೇಲೂ ಮೆಷಿನ್ ಒಳಗೆ ಸ್ವಲ್ಪ ಒತ್ತಡ ಉಳಿಸುತ್ತಿತ್ತು, ಗಾಳಿಚೀಲಗಳು ಪೂರ್ತಿ ಮುಚ್ಚಿಕೊಳ್ಳಬಾರದು ಅಂತ. ಅಷ್ಟಾದರೂ ಆಕ್ಸಿಜನ್ ಏರದಿದ್ದಾಗ ಐದು ಜನ ಸೇರಿ, ಒಂದು ಟ್ಯೂಬೂ ಜಾರದಂತೆ, ಅಪ್ಪನನ್ನು ಬೋರಲು ಮಲಗಿಸಿದರು. ದಿನಕ್ಕೆ 16 ಗಂಟೆ, ಮೂರು ದಿನ. ಆ ಐವರ ಮುಖ ಮಾಸ್ಕಿನೊಳಗೆ ನನಗೆ ಸರಿಯಾಗಿ ಕಾಣಲೇ ಇಲ್ಲ.

ಆಮೇಲೆ ದಿನಾ ಬೆಳಿಗ್ಗೆ ಮಂಪರಿನ ಔಷಧಿ ಇಳಿಸಿ, ಮೆಷಿನ್ ಸಹಾಯ ಕಡಿಮೆ ಮಾಡಿ, ಅಪ್ಪ ತಾವೇ ಉಸಿರಾಡುತ್ತಾರಾ ಅಂತ ಅರ್ಧ ಗಂಟೆ ನೋಡುತ್ತಿದ್ದರು. ಮೊದಲ ದಿನ ಹತ್ತೇ ನಿಮಿಷಕ್ಕೆ ಬೆವರು, ಉಸಿರು 38. ತಕ್ಷಣ ಮೊದಲಿನಂತೆ ಮಾಡಿದರು. ನಾನು ಅತ್ತೆ. "ಇದು ಫೇಲ್ ಅಲ್ಲ, ನಾಳೆ ಮತ್ತೆ ನೋಡುವಾ" ಅಂದರು ಸಿಸ್ಟರ್.

ಆ ಸಿಸ್ಟರ್ ಕಣ್ಣೂರಿನವರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಎಚ್ಚರವಾದ ಅಪ್ಪ ಟ್ಯೂಬ್ ಇದ್ದದ್ದರಿಂದ ಮಾತಾಡಲಾಗದೆ ಕಾಗದದ ಮೇಲೆ ಏನೋ ಗೀಚಿದರು. ನೆಲ ಒರೆಸುತ್ತಿದ್ದ ಅಕ್ಕ ಬಂದು ಓದಿದರು: "ಮದ್ದು ಬಿಟ್ಟಾಯ್ತಾ?" ಔಷಧಿ ನಿಲ್ಲಿಸಿದಿರಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು ಸಿಸ್ಟರ್ "ಇಲ್ಲ ಅಚ್ಛಾ (ಮಲಯಾಳದಲ್ಲಿ ಅಪ್ಪಾ), ಎಲ್ಲ ಮದ್ದೂ ಕೊಡ್ತಾ ಇದ್ದೇವೆ" ಅಂತ ಸಮಾಧಾನ ಮಾಡಿದರಂತೆ. ಅಪ್ಪ ತಲೆ ಚಚ್ಚಿಕೊಂಡರಂತೆ. ಭೇಟಿಯ ಹೊತ್ತಿಗೆ ನಾನು ಹೋದಾಗ ಗೊತ್ತಾಯಿತು, ಅವರು ಕೇಳಿದ್ದು ಅಡಿಕೆಯದ್ದು! ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುವ, ಅಂದರೆ ಸಿಂಪಡಿಸುವ, ಸಮಯ ಮೀರುತ್ತಿತ್ತು.

ಬಿಟ್ಟಾಗಿತ್ತು. ನೆರೆಕರೆಯವರು ನಮ್ಮನ್ನು ಕೇಳದೆಯೇ ಮೈಲುತುತ್ತು, ಸುಣ್ಣ ತಂದು ಕಲಸಿ, ಮಳೆ ಬಿಟ್ಟ ಎರಡು ದಿನದಲ್ಲಿ ಇಡೀ ತೋಟ ಮುಗಿಸಿದ್ದರು. ಮರ ಹತ್ತಿದವರು ಕೂಲಿ ಮುಟ್ಟಲಿಲ್ಲ. ಮೊನ್ನೆಯಿಂದ ಅಪ್ಪ ಅದಕ್ಕೇ ಅವರ ಜೊತೆ ಜಗಳ ಮಾಡುತ್ತಿದ್ದಾರೆ. ಗೊಗ್ಗರು ಧ್ವನಿ, ಆದರೆ ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ.