ಯಾರೋ ಕೈ ಹಿಡಿದು ಬರೆಸಿದ ಹಾಗೆ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಏಳು ಚಿತ್ರಗಳನ್ನೂ ನೋಡಿದೆ. ಫೋನಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ತ್ರಿಕೋನದೊಳಗೆ ಕಣ್ಣು, ಅರ್ಧ ಚಂದ್ರ, ತನ್ನ ಬಾಲ ತಾನೇ ನುಂಗುವ ಹಾವು, ಕೊನೆಯದರ ಮೂಲೆಯಲ್ಲಿ ಒಂದು ಬಸವನಹುಳ. ಕೆಳಗೆ ಬರೆದಿದ್ದೆ, "ದೊಡ್ಡಮ್ಮಾ, ಇವನ್ನ ನಾನು ಬರೆದಿದ್ದಲ್ಲ, ಯಾರೋ ಕೈ ಹಿಡಿದು ಬರೆಸಿದ ಹಾಗೆ ಬಂತು. ಇನ್ನು ಕ್ಲಾಸಿಗೆ ಹೋಗಿ ಹೂಜಿ, ಬಟ್ಟೆಯ ಮಡಿಕೆ ಬರೀತಾ ಕೂರೋದ್ರಲ್ಲಿ ಏನರ್ಥ? ಹಿಲ್ಮಾನೂ ಹೀಗೇ ಅಲ್ವಾ ಬರೆದಿದ್ದು?"

ನಿಮ್ಮಮ್ಮ ಗಾಬರಿಯಾಗಿ ಫೋನ್ ಮಾಡಿದ್ದಳು. ನನಗೇನೂ ಗಾಬರಿ ಆಗಿಲ್ಲ. ಹಾಗಂತ "ತುಂಬಾ ಚೆನ್ನಾಗಿದೆ ಮಗಳೇ" ಅಂತ ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗುವವಳೂ ನಾನಲ್ಲ. ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟು, ಬೋರ್ಡಿನ ಮೇಲೆ ಎಲೆಯ ನರ, ಹೂವಿನ ಒಳಭಾಗ ಬರೆದು ಬರೆದು ಹೆಗಲು ನೋವು ತಂದುಕೊಂಡವಳು. ನೀನು ಚಿತ್ರಗಾರ್ತಿ ಹಿಲ್ಮಾ ಅಫ್ ಕ್ಲಿಂಟ್ ಹೆಸರು ಎತ್ತಿದ್ದೇ ಒಳ್ಳೇದಾಯಿತು. ಅವಳ ವಿಷಯ ನನಗೂ ಒಂದಿಷ್ಟು ಗೊತ್ತು.

ಮೊದಲು ಕ್ಲಾಸಿನ ಮಾತು. ಹಿಲ್ಮಾ 1862ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದವಳು. ಅಪ್ಪ ನೌಕಾಪಡೆಯ ಅಧಿಕಾರಿ. ಸ್ಟಾಕ್‌ಹೋಮಿನ ರಾಯಲ್ ಅಕಾಡೆಮಿಯಲ್ಲಿ 1882ರಿಂದ 1887ರವರೆಗೆ ಐದು ವರ್ಷ ಕಲಿತಳು. ನೀನು ಬೇಸರಪಡುವ ಅದೇ ಬಟ್ಟೆಯ ಮಡಿಕೆ, ಅದೇ ಮನುಷ್ಯರ ಮೈಕಟ್ಟು. ಆಮೇಲೆ ಹೊಟ್ಟೆಪಾಡಿಗೆ ಊರು-ಕೆರೆ, ಜನರ ಮುಖ ಬರೆದಳು. 1900ರ ಸುಮಾರಿಗೆ ಪಶುವೈದ್ಯರ ಸಂಸ್ಥೆಯೊಂದರಲ್ಲಿ ಚಿತ್ರ ಬರೆದುಕೊಡುವ ಕೆಲಸವನ್ನೂ ಮಾಡಿದಳು. ಯೋಚನೆ ಮಾಡು. ದೇವಲೋಕದ ಚಿತ್ರ ಬರೆದವಳು ಅಂತ ನೀವೆಲ್ಲ ಕೊಂಡಾಡುವ ಹೆಂಗಸು, ಅದಕ್ಕೂ ಮೊದಲು ಕುದುರೆಗೆ ಮಾಡುವ ಆಪರೇಷನ್ನಿನ ಚಿತ್ರ ಬರೆಯುತ್ತಿದ್ದಳು. ಅಲ್ಲಿ ಗೆರೆ ಒಂದು ಕೂದಲಷ್ಟು ಆಚೀಚೆ ಆದರೂ ನೋಡಿದವರು ಬೇರೆ ಕಡೆ ಕತ್ತಿ ಹಾಕುತ್ತಾರೆ.

ಐವರ ಕತೆ ನೀನು ಓದಿರುತ್ತೀಯ. 1896ರಲ್ಲಿ ಹಿಲ್ಮಾ ಮತ್ತು ನಾಲ್ಕು ಜನ ಗೆಳತಿಯರು ಸೇರಿ ಮಾಡಿಕೊಂಡ ಗುಂಪು, ಹೆಸರೇ ‘ಐವರು’. ಶುಕ್ರವಾರ ಸೇರುವುದು, ಪ್ರಾರ್ಥನೆ, ಬೈಬಲ್ ಓದುವುದು, ಆಮೇಲೆ ಆಚೆ ಲೋಕದವರ ಮಾತಿಗೆ ಕಿವಿಗೊಟ್ಟು ಕೂರುವುದು. ಪೆನ್ಸಿಲ್ ಹಿಡಿದ ಕೈ ತಾನಾಗಿ ಓಡುತ್ತಿತ್ತು. ಗ್ರೆಗೋರ್, ಅಮಾಲಿಯೆಲ್, ಆನಂದ ಅಂತೆಲ್ಲ ಆ ಗುರುಗಳಿಗೆ ಹೆಸರುಗಳು. ಇದನ್ನು ಓದಿ ನಗುವವರಿದ್ದಾರೆ. ನಾನು ನಗುವುದಿಲ್ಲ. 1895ರಲ್ಲಿ ಎಕ್ಸ್-ರೇ ಬಂತು, ಮರುವರ್ಷವೇ ಯುರೇನಿಯಂ ತಾನಾಗಿ ಕಿರಣ ಬಿಡುತ್ತೆ ಅಂತ ಗೊತ್ತಾಯಿತು. ಬದುಕಿರುವ ಮನುಷ್ಯನ ಕೈಮೂಳೆ, ಬೆರಳಿನ ಉಂಗುರದ ಸಮೇತ ಫೋಟೋದಲ್ಲಿ ಕಂಡ ಕಾಲ ಅದು. ಕಣ್ಣಿಗೆ ಕಾಣದ್ದು ಇನ್ನೂ ಬೇಕಾದಷ್ಟಿದೆ ಅಂತ ವಿಜ್ಞಾನಿಗಳೇ ಹೇಳುತ್ತಿರುವಾಗ ಈ ಐದು ಜನ ಹೆಂಗಸರು ಹುಡುಕಹೊರಟರೆ ಅದು ಹುಚ್ಚು ಹೇಗಾಗುತ್ತೆ? ಇನ್ನೊಂದು ವಿಷಯವೂ ಇದೆ. ಹಿಲ್ಮಾಳ ತಂಗಿ ಹರ್ಮಿನಾ 1880ರಲ್ಲಿ ತೀರಿಕೊಂಡಳು, ಹತ್ತು ವರ್ಷದ ಹುಡುಗಿ. ಅದಕ್ಕೂ ಮುಂಚೆಯೇ ಹಿಲ್ಮಾ ಇಂಥ ಕೂಟಗಳಿಗೆ ಹೋಗುತ್ತಿದ್ದಳಂತೆ. ಆದರೂ ಆ ಸಾವಿನ ಆಮೇಲೆ ಅಲ್ಲಿ ಕೂರುವುದಕ್ಕೂ ಮೊದಲು ಕೂರುತ್ತಿದ್ದುದಕ್ಕೂ ವ್ಯತ್ಯಾಸ ಇದ್ದೇ ಇರುತ್ತೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಕೂತವಳು. ನಿನಗೆ ಯಾವತ್ತೂ ಹೇಳಿಲ್ಲ. ನಿಮ್ಮಮ್ಮನಿಗೂ ನನಗೂ ನಡುವೆ ಒಬ್ಬಳಿದ್ದಳಲ್ಲ, ಫೋಟೋದಲ್ಲಿ ಎರಡು ಜಡೆ ಹಾಕಿಕೊಂಡಿರುವವಳು, ಅವಳು ಹೋದಾಗ ನನಗೆ ಹತ್ತೊಂಬತ್ತು. ಹಾಸ್ಟೆಲಿನಲ್ಲಿ ಮೂವರು ಗೆಳತಿಯರು ಪ್ಲಾಂಚೆಟ್ ಮಾಡೋಣ, ಸತ್ತವರನ್ನು ಕರೆದು ಮಾತಾಡಿಸೋಣ ಅಂದರು. ರಟ್ಟಿನ ಮೇಲೆ ಅಕ್ಷರ ಬರೆದು, ನಡುವೆ ನಾಣ್ಯ ಇಟ್ಟು, ಅದರ ಮೇಲೆ ನಾಲ್ಕು ಬೆರಳು. ನಾಣ್ಯ ಓಡಿತು ಕಣೇ. ಅವಳನ್ನು ಮನೆಯಲ್ಲಿ ಮಾತ್ರ ಕರೆಯುತ್ತಿದ್ದ ಹೆಸರನ್ನು ಒಂದೊಂದೇ ಅಕ್ಷರ ಮುಟ್ಟಿ ಹೇಳಿತು. ಮೂರು ತಿಂಗಳು ರಾತ್ರಿ ಅದೇ ಕೆಲಸ. ಪರೀಕ್ಷೆ ನೆಗೆದುಬಿತ್ತು. ಕೊನೆಗೊಂದು ದಿನ ಅವರಲ್ಲಿ ಒಬ್ಬಳು ಒಪ್ಪಿಕೊಂಡಳು, "ನೀನು ಅಳೋದು ನೋಡಕ್ಕಾಗದೆ ನಾನೇ ತಳ್ತಿದ್ದೆ" ಅಂತ. ಒಂದು ವರ್ಷ ಅವಳ ಮುಖ ನೋಡಲಿಲ್ಲ ನಾನು. ಎಷ್ಟೋ ವರ್ಷದ ಮೇಲೆ ಹೊಳೆಯಿತು, ಮನೆಯ ಹೆಸರು ಅವಳಿಗೆ ಗೊತ್ತಿರಲೇ ಇಲ್ಲ. ಅಂದರೆ ಆ ಹೆಸರಿನ ಮಟ್ಟಿಗೆ ತಳ್ಳಿದವಳು ನಾನೇ. ಬೆರಳಿನ ಸ್ನಾಯು ನಮಗೇ ಗೊತ್ತಾಗದ ಹಾಗೆ ಅಷ್ಟು ಮಾಡುತ್ತೆ. ಮೋಸ ಅಲ್ಲ ಅದು, ಆಸೆ.

ಹಾಗಾಗಿ ನಿನ್ನ ಕೈ ಹಿಡಿದವರು ಯಾರು ಅಂತ ನಾನು ಕೇಳುವುದಿಲ್ಲ. ಅಮಾಲಿಯೆಲ್ ಇದ್ದನೋ ಇಲ್ಲವೋ ಅದೂ ನನಗೆ ಬೇಡ. ಚಿತ್ರ ಬಂದಾದ ಮೇಲೆ ಹಿಲ್ಮಾ ಏನು ಮಾಡಿದಳು ಅನ್ನೋದು ನೋಡು.

1906ರಲ್ಲಿ ಅಮಾಲಿಯೆಲ್ ಒಂದು ದೊಡ್ಡ ಕೆಲಸ ಒಪ್ಪಿಸಿದ, ಉಳಿದ ನಾಲ್ವರೂ ಹೆದರಿ ಹಿಂದೆ ಸರಿದರು, ಇವಳು ಹೂಂ ಅಂದಳು. ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ನವೆಂಬರಿನಲ್ಲಿ ಶುರು ಮಾಡಿದಳು. ‘ದೇವಾಲಯಕ್ಕಾಗಿ ಚಿತ್ರಗಳು’ ಅಂತ ಕರೆದಳು. 1915ರ ಹೊತ್ತಿಗೆ ಒಟ್ಟು 193 ಆದವು. ಅದರಲ್ಲಿ ‘ಅತಿ ದೊಡ್ಡ ಹತ್ತು’ ಅನ್ನುವ ಸಾಲು 1907ರದ್ದು. ಒಂದೊಂದೂ ಮೂರು ಮೀಟರಿಗಿಂತ ಎತ್ತರ, ಎರಡು ಮೀಟರಿಗಿಂತ ಅಗಲ. ಕಾಗದದ ಮೇಲೆ ಟೆಂಪೆರಾ ಬಣ್ಣ. ಬಾಲ್ಯ, ಹರೆಯ, ನಡುವಯಸ್ಸು, ಮುಪ್ಪು. ಬಾಲ್ಯಕ್ಕೆ ಗಾಢ ನೀಲಿ, ಹರೆಯಕ್ಕೆ ಕಿತ್ತಳೆ. ನಡುವಯಸ್ಸಿಗೆ ನಾಲ್ಕು ಚಿತ್ರ, ಮಿಕ್ಕವಕ್ಕೆ ಎರಡೆರಡು. (ಸರಿಯಾಗಿಯೇ ಲೆಕ್ಕ ಹಾಕಿದ್ದಾಳೆ ಅನಿಸುತ್ತೆ ನನಗೆ. ಬಾಳಿನಲ್ಲಿ ಎಳೆದಾಡುವುದು ಆ ನಡುವಿನ ಭಾಗವೇ.) ಮೊದಲೇ ಗೀಚಿ ನೋಡಿಕೊಳ್ಳದೆ, ಏನು ಬರೆಯುತ್ತಿದ್ದೇನೆ ಅಂತ ತಿಳಿಯದೆ, ಒಂದು ಗೀಟನ್ನೂ ತಿದ್ದದೆ ಬರೆದೆ ಅಂತ ಅವಳೇ ಹೇಳಿಕೊಂಡಿದ್ದಾಳೆ. ನಿನಗೆ ಹಿಡಿಸಿದ್ದು ಈ ಮಾತು, ಗೊತ್ತು. ಆದರೆ ಅವಳದೇ ಇನ್ನೊಂದು ಮಾತಿದೆ. ಗುರುಗಳಿಗೆ ಕಣ್ಣು ಮುಚ್ಚಿ ತಲೆಬಾಗಬೇಕಾಗಿರಲಿಲ್ಲ, ಅವರು ಪಕ್ಕದಲ್ಲಿ ನಿಂತಿದ್ದಾರೆ ಅಂದುಕೊಳ್ಳಬೇಕಿತ್ತು, ಅಷ್ಟೇ ಅಂತ. ಪಕ್ಕದಲ್ಲಿ ನಿಲ್ಲುವುದಕ್ಕೂ ಮೈಮೇಲೆ ಬರುವುದಕ್ಕೂ ಎಷ್ಟು ಅಂತರ!

1908ರಿಂದ ನಾಲ್ಕು ವರ್ಷ ಆ ಕೆಲಸ ನಿಂತೇಹೋಯಿತು. ಅಮ್ಮನಿಗೆ ಕಣ್ಣು ಹೋಗಿತ್ತು, ಅಮ್ಮನನ್ನು ನೋಡಿಕೊಳ್ಳಬೇಕಿತ್ತು. ಗುರುಗಳು ಏನಂದರೋ, ಅವಳಂತೂ ಅಮ್ಮನ ಹತ್ತಿರ ಇದ್ದಳು.

ಆಮೇಲಿನದ್ದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಬರೆದದ್ದನ್ನು ತಾನೇ ಓದಲು ಕೂತಳು, ಬೇರೆ ಯಾರೋ ಬರೆದದ್ದು ಎಂಬ ಹಾಗೆ. ಚಿತ್ರಗಳಲ್ಲಿ ಬರುವ ಅಕ್ಷರ, ಗುರುತುಗಳಿಗೆಲ್ಲ ಒಂದು ನಿಘಂಟನ್ನೇ ಮಾಡಿಕೊಂಡಳು. ನೀಲಿ ಅಂದರೆ ಹೆಣ್ಣು, ಹಳದಿ ಅಂದರೆ ಗಂಡು, ಎರಡೂ ಕೂಡಿದರೆ ಹಸಿರು. ‘ಯು’ ಅಂದರೆ ಚೇತನ, ‘ಡಬ್ಲ್ಯೂ’ ಅಂದರೆ ಜಡ. ಬಸವನಹುಳದ ಸುರುಳಿ ಅಂದರೆ ಬೆಳವಣಿಗೆ. ದೊಡ್ಡ ಚಿತ್ರಗಳನ್ನೆಲ್ಲ ಪುಟ್ಟದಾಗಿ ನಕಲು ಮಾಡಿ, ಪಕ್ಕದಲ್ಲಿ ಕಪ್ಪು-ಬಿಳುಪು ಫೋಟೋ ಅಂಟಿಸಿ ಹತ್ತು ಪುಸ್ತಕ ಮಾಡಿದಳು. ಟಿಪ್ಪಣಿ ಬರೆದ ಪುಟಗಳು 26,000ಕ್ಕೂ ಜಾಸ್ತಿ. ಕೈ ತಾನಾಗಿ ಓಡಿದ್ದು ಕೆಲವು ವರ್ಷ, ಅದರ ಅರ್ಥ ಹುಡುಕಿದ್ದು ಬದುಕಿದ್ದಷ್ಟು ದಿನ.

ಈಗ ನಿನ್ನ ತ್ರಿಕೋನದೊಳಗಿನ ಕಣ್ಣಿಗೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ಆ ಕಣ್ಣು ನೀನು ಕಂಡದ್ದಲ್ಲ, ಅಲ್ವಾ? ಅದು ಟೀ ಶರ್ಟಿನ ಮೇಲೂ ಇದೆ, ಮೊಬೈಲ್ ಕವರಿನ ಮೇಲೂ ಇದೆ. ಹಾವೂ ಅಷ್ಟೇ. ನಿನ್ನ ಕೈಯಲ್ಲಿ ಅವು ತಾನಾಗಿ ಬಂದಿರಬಹುದು, ಸುಳ್ಳು ಅನ್ನುವುದಿಲ್ಲ. ದಿನಾ ನೋಡಿದ್ದು ತಾನಾಗಿಯೇ ಬರುತ್ತೆ. ಹಿಲ್ಮಾಳೂ ಥಿಯಾಸಫಿ, ಅಂದರೆ ಎಲ್ಲ ಧರ್ಮಗಳ ಒಳಗುಟ್ಟು ಒಂದೇ ಅನ್ನುವ ಪಂಥದ ಪುಸ್ತಕಗಳನ್ನು ಓದಿದ್ದಳು, ಅಲ್ಲಿಂದ ಬೇಕಾದಷ್ಟು ಎತ್ತಿಕೊಂಡಳು. ಆದರೆ ಎತ್ತಿಕೊಂಡ ಪ್ರತಿಯೊಂದನ್ನೂ ನೀನು ಇಲ್ಲೇನು ಮಾಡ್ತಿದ್ದೀಯ ಅಂತ ಕೂರಿಸಿಕೊಂಡು ಕೇಳಿದಳು. ಒಂದು ನೋಟ್‌ಬುಕ್ ತಗೋ. ತಾರೀಖು ಹಾಕು. ಬರೆಯುವ ಮುಂಚೆ ಏನು ನೋಡಿದ್ದೆ, ಯಾರ ಜೊತೆ ಜಗಳ ಆಗಿತ್ತು, ನಿದ್ದೆ ಬಂದಿತ್ತೋ ಇಲ್ಲವೋ, ಎಲ್ಲ ಬರಿ. ಆರು ತಿಂಗಳಾದ ಮೇಲೂ ಆ ಕಣ್ಣು ಉಳಿದರೆ ಇಟ್ಟುಕೋ.

ಒಬ್ಬರು ‘ಎನರ್ಜಿ’ ನೋಡಿ ಹೇಳುತ್ತಾರೆ, ಫೀಸು ತಗೊಂಡು ಮಾರ್ಗದರ್ಶನ ಕೊಡುತ್ತಾರೆ ಅಂತ ಬರೆದಿದ್ದೆಯಲ್ಲ. ಬೇಡ. ಈ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಹಿಲ್ಮಾಳ ಹತ್ತಿರ ಇದ್ದದ್ದು ಗೆಳತಿಯರು. ‘ಬೇಡ ಕಣೇ, ತಲೆ ಕೆಟ್ಟೀತು’ ಅಂತ ಹೇಳುವ ಧೈರ್ಯ ಅವರಿಗಿತ್ತು. ಅವರಲ್ಲಿ ಆನ್ನಾ ಕಾಸೆಲ್ ಅಕಾಡೆಮಿಯ ದಿನಗಳಿಂದ ಜೊತೆಗಿದ್ದವಳು, ಕೈಬಿಚ್ಚಿ ದುಡ್ಡನ್ನೂ ಕೊಟ್ಟವಳು. ದೇವಾಲಯದ ಚಿತ್ರಗಳಲ್ಲಿ ಅವಳ ಕೈಯೂ ಇತ್ತು ಅಂತ ಈಗ ಸಂಶೋಧಕರು ಹೇಳುತ್ತಿದ್ದಾರೆ. ಒಬ್ಬಳೇ ಮಹಾಪುರುಷಿ ಗವಿಯಲ್ಲಿ ಕೂತು ಬರೆದಳು ಅನ್ನುವ ಕತೆ ಕೇಳಲು ಚೆಂದ, ಅಷ್ಟೇ.

ಜನಕ್ಕೆ ತೋರಿಸುವ ಮಾತು. ದಿನಾ ರಾತ್ರಿ ಫೋನಿಗೆ ಹಾಕಿ ಎಷ್ಟು ಜನ ಮೆಚ್ಚಿದರು ಅಂತ ಎಣಿಸುತ್ತೀಯಂತೆ. ಲಂಡನ್ನಿನ ಜಾರ್ಜಿಯಾನಾ ಹೌಟನ್ ಅಂತ ಒಬ್ಬಾಕೆ, ಹಿಲ್ಮಾಗಿಂತ ಎಷ್ಟೋ ಮೊದಲು ಆತ್ಮಗಳು ಬರೆಸಿದವು ಅಂತ ಸುರುಳಿ ಸುರುಳಿ ಬಣ್ಣದ ಚಿತ್ರ ಬರೆದವಳು, 1871ರಲ್ಲಿ ಸ್ವಂತ ದುಡ್ಡು ಹಾಕಿ 155 ಚಿತ್ರಗಳ ಪ್ರದರ್ಶನ ಮಾಡಿದಳು. ಹೆಚ್ಚುಕಡಿಮೆ ದಿವಾಳಿಯಾದಳು. ಹಿಲ್ಮಾ ಇನ್ನೊಂದು ತುದಿ. ಯಾರಿಗೂ ತೋರಿಸಲೇ ಇಲ್ಲ ಅನ್ನೋದು ಪೂರ್ತಿ ನಿಜವಲ್ಲ, 1928ರಲ್ಲಿ ಲಂಡನ್ನಿಗೆ ಕೆಲವನ್ನು ಒಯ್ದಿದ್ದಳು. ಆದರೆ ನಾನು ಸತ್ತು ಇಪ್ಪತ್ತು ವರ್ಷ ಆಗುವವರೆಗೆ ತೆರೆಯಬೇಡಿ ಅಂತ ಗುರುತು ಹಾಕಿಟ್ಟಳು. 1944ರಲ್ಲಿ ಹೋದಳು. ಎಲ್ಲ ಸೋದರನ ಮಗ ಎರಿಕ್‌ನ ಪಾಲಿಗೆ ಬಂತು, ಅವನೂ ನೌಕಾಪಡೆಯವನೇ. 1970ರಲ್ಲಿ ಅವನ್ನು ಒಂದು ಮ್ಯೂಸಿಯಮ್ಮಿಗೆ ಕೊಡುತ್ತೇವೆ ಅಂದರೆ ಬೇಡ ಅಂದರು. ಮೊದಲ ಸಲ ದೊಡ್ಡದಾಗಿ ಜನರ ಕಣ್ಣಿಗೆ ಬಿದ್ದದ್ದು 1986ರಲ್ಲಿ, ಲಾಸ್ ಏಂಜಲೀಸಿನಲ್ಲಿ. 2018-19ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿಗೆ ಬಂದು ನೋಡಿದವರು 6 ಲಕ್ಷಕ್ಕೂ ಜಾಸ್ತಿ. ನೀನು ಇಪ್ಪತ್ತು ವರ್ಷ ಕಾಯಬೇಡ ಮಾರಾಯ್ತಿ. ಇಪ್ಪತ್ತು ದಿನ ಕಾದು ನೋಡು.

ನನಗೆ ಅವಳ ಎಲ್ಲ ಚಿತ್ರಗಳಲ್ಲಿ ಇಷ್ಟವಾದದ್ದು ಆ ದೊಡ್ಡವಲ್ಲ. 1919-20ರಲ್ಲಿ, ಐವತ್ತು ದಾಟಿದ ಮೇಲೆ, ಹೊಲ-ಕಾಡಿನ ಗಿಡಗಳನ್ನು ಬರೆದಳು, 46 ಹಾಳೆ. ಜಲವರ್ಣ. ನನ್ನ ಕ್ಲಾಸಿನಲ್ಲಿ ಗೋಡೆಗೆ ಹಾಕಬಹುದಾದಷ್ಟು ಕರಾರುವಾಕ್ಕು, ಲ್ಯಾಟಿನ್ ಹೆಸರಿನ ಸಮೇತ. ಅದೇ ಹಾಳೆಯಲ್ಲಿ ಹೂವಿನ ಪಕ್ಕ ಒಂದು ಸಣ್ಣ ಆಕೃತಿ. ಒಂದು ಚೌಕ, ಒಂದು ಚಕ್ರ, ಒಂದು ಸುರುಳಿ. ಆ ಗಿಡದ ಒಳಗಿನ ಗುಣ ಅದು ಅಂತ ಅವಳ ನಂಬಿಕೆ. ನನಗೆ ಆ ನಂಬಿಕೆ ಇಲ್ಲ. ಆದರೆ ಹೂವಿನ ದಳ ಎಷ್ಟು ಅಂತ ಎಣಿಸಿದವಳು ಪಕ್ಕದಲ್ಲಿ ಒಂದು ಚಕ್ರ ಬರೆದರೆ, ಅದರ ಎದುರು ನಾನು ನಿಲ್ಲುತ್ತೇನೆ.

ಅದಕ್ಕೇ ನಿನ್ನ ಏಳರಲ್ಲಿ ನನಗೆ ಬೇಕಾದದ್ದು ಆ ಮೂಲೆಯ ಬಸವನಹುಳ. ಹಿಗ್ಗಿಸಿ ನೋಡಿದೆ ಅಂದೆನಲ್ಲ, ಅದರ ಚಿಪ್ಪು ಎಡಕ್ಕೆ ಸುತ್ತಿದೆ. ನೂರಕ್ಕೆ ತೊಂಬತ್ತು ಬಸವನಹುಳ ಬಲಕ್ಕೆ ಸುತ್ತುತ್ತವೆ. ಎಡಕ್ಕೆ ಸುತ್ತುವವೂ ಇವೆ, ಇಲ್ಲವೆಂದಲ್ಲ, ಅಪರೂಪ. ನೀನು ಅಂಥದ್ದೊಂದನ್ನು ನಿಜವಾಗಿ ನೋಡಿದೆಯಾ, ಯಾವುದೋ ಉಲ್ಟಾ ಆದ ಫೋಟೋ ನೋಡಿ ಬರೆದೆಯಾ, ಅಥವಾ ಕೈ ತಾನಾಗಿ ಹಾಗೆ ತಿರುಗಿತಾ? ಮೂರರಲ್ಲಿ ಯಾವುದಾದರೂ ನನಗೆ ಕೋಪ ಇಲ್ಲ. ಒಂದು ಬಸವನಹುಳ ಸಿಕ್ಕಿದರೆ ಚಿಪ್ಪಿನ ತುದಿ ಮೇಲೆ, ಬಾಯಿ ನಿನ್ನ ಕಡೆ ಮಾಡಿ ಇಟ್ಟುಕೊಂಡು ನೋಡು. ಬಾಯಿ ಬಲಗಡೆ ಇದ್ದರೆ ಬಲಸುತ್ತು. ನೋಡಿ ಬರಿ.

ನಿಮ್ಮಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ. ಸೋಮವಾರ ಕ್ಲಾಸಿಗೆ ಹೋಗು.

ನಿನ್ನ
ದೊಡ್ಡಮ್ಮ