ರಬ್ಬರ್ ಮೌಂಟ್ ಮಾಡಲು ಹೊರಟ ಅಣ್ಣನ ಮಗಳಿಗೆ

ಚಿ. ಪವಿತ್ರಾಳಿಗೆ ಧಾರವಾಡದಿಂದ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ತಾರಿಹಾಳದ ಕಾರ್ಖಾನೆಯಲ್ಲಿ ನಿನಗೆ ಡಿಸೈನ್ ಕೆಲಸ ಸಿಕ್ಕಿತು, ಮೊದಲಿಗೇ ಜನರೇಟರ್ ಸೆಟ್ಟಿನ ರಬ್ಬರ್ ಮೌಂಟ್, ಅಂದರೆ ಅದುರು ಕೆಳಗೆ ಇಳಿಯದಂತೆ ಯಂತ್ರದ ಅಡಿಗೆ ಕೂರಿಸುವ ಉಕ್ಕು-ರಬ್ಬರಿನ ಜೋಡಣೆ, ಕೈಗೆ ಬಂದಿದೆ ಎಂದು ಅಣ್ಣ ಹೇಳಿದ. ಬಹಳ ಖುಷಿಯಾಯಿತು. "ಮೆತ್ತನೆಯ ರಬ್ಬರ್ ಹಾಕಿದರೆ ಆಯ್ತಲ್ವಾ ಕಾಕಾ?" ಎಂದು ಫೋನಿನಲ್ಲಿ ಕೇಳಿದೆ. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ನನಗೆ ಸರಿ ಕಾಣಲಿಲ್ಲ. ಎಷ್ಟು ಮೆತ್ತಗಿರಬೇಕು ಎಂಬುದು ಅರ್ಧ ದಿನದ ಲೆಕ್ಕ. ಎಷ್ಟು ವರ್ಷ ಬಾಳಬೇಕು ಎಂಬುದು ಮಾತ್ರ ರಬ್ಬರು ಉಕ್ಕಿಗೆ ಕೂಡುವ ಅಂಚಿನಲ್ಲಿ, ಬೋಲ್ಟು ಕೂರುವ ತೂತಿನಲ್ಲಿ ತೀರ್ಮಾನ ಆಗುತ್ತದೆ. ನಿನ್ನ ಹೆಚ್ಚಿನ ಹೊತ್ತು ಅಲ್ಲಿ ಹೋಗಲಿ.

ಲೆಕ್ಕ ಮೊದಲು ಮುಗಿಸಿಬಿಡೋಣ. ನಿಮಿಷಕ್ಕೆ 1500 ಸುತ್ತು ಅಂದರೆ ಸೆಕೆಂಡಿಗೆ 25 ಅದುರು. ಮೌಂಟಿನ ಮೇಲೆ ಕೂತ ಯಂತ್ರಕ್ಕೂ ತನ್ನದೇ ಒಂದು ಅದುರು ಇರುತ್ತದೆ. ಭಾರಕ್ಕೆ ರಬ್ಬರ್ ಎಷ್ಟು ಮಿಲಿಮೀಟರ್ ಕುಸಿಯಿತೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸು, ಆ ಅದುರು ಸೆಕೆಂಡಿಗೆ ಎಷ್ಟು ಎಂದು ಸಿಗುತ್ತದೆ. 4 ಮಿಲಿಮೀಟರ್ ಕುಸಿದರೆ ಸುಮಾರು 8. ಯಂತ್ರದ 25 ಇದರ ಸುಮಾರು ಮೂರು ಪಟ್ಟು. ಆಗ ಸುಮಾರು ಎಂಟರಲ್ಲಿ ಒಂದು ಪಾಲು ಅದುರು ಮಾತ್ರ ಕೆಳಗಿನ ಚೌಕಟ್ಟಿಗೆ ಇಳಿಯುತ್ತದೆ. ಈ ಪಟ್ಟು 1.4ಕ್ಕಿಂತ ಕಡಿಮೆ ಇದ್ದರೆ ಮೌಂಟು ಅದುರನ್ನು ತಡೆಯುವ ಬದಲು ಹೆಚ್ಚು ಮಾಡುತ್ತದೆ. ಒಂದು ಎಚ್ಚರಿಕೆ. ಓಡುವ ಯಂತ್ರದ ಕೆಳಗೆ ರಬ್ಬರ್, ನಿಂತ ಭಾರದ ಕೆಳಗೆ ಇದ್ದದ್ದಕ್ಕಿಂತ ಗಟ್ಟಿಯಾಗಿ ವರ್ತಿಸುತ್ತದೆ. ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಪುಡಿ ಜಾಸ್ತಿ ಸೇರಿಸಿದ ಗಟ್ಟಿ ರಬ್ಬರಿನಲ್ಲಿ ಈ ಫರಕು ಇನ್ನೂ ದೊಡ್ಡದು. ಆದ್ದರಿಂದ ಅದುರಿಸಿ ಅಳೆದ ಗಟ್ಟಿತನದ ಅಂಕಿಯನ್ನೇ ಬಳಸು.

ಒಟ್ಟು ತೂಕವನ್ನು ಸುಮ್ನೆ ನಾಲ್ಕರಿಂದ ಭಾಗಿಸಬೇಡ. 600 ಕಿಲೋ ಸೆಟ್ಟಿನಲ್ಲಿ ಹಿಂದಿನ ಎರಡು ಮೌಂಟಿಗೆ ತಲಾ 200, ಮುಂದಿನ ಎರಡಕ್ಕೆ ತಲಾ 100 ಬರಬಹುದು. ನಾಲ್ಕೂ ಒಂದೇ ಸಮ ಕುಸಿಯಬೇಕಾದರೆ ಹಿಂದಿನದು ಬೇರೆ, ಮುಂದಿನದು ಬೇರೆ ಆಗಬೇಕು. ಎಲ್ಲಿ ಕೂರಿಸುತ್ತೀ ಎಂಬುದೂ ಮುಖ್ಯ. 1931ರಲ್ಲಿ ಪ್ಲಿಮತ್ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಅದರ ಭಾರದ ಕೇಂದ್ರದ ಮೂಲಕ ಹಾಯುವ ಗೆರೆಯ ಮೇಲೆ ಎರಡು ರಬ್ಬರ್ ಮೌಂಟುಗಳಲ್ಲಿ ಕೂರಿಸಿದರು. ಎಂಜಿನ್ ತನ್ನ ಅಕ್ಷದ ಸುತ್ತ ತಾನೇ ಹೊರಳಾಡಲಿ ಎಂದು ಬಿಟ್ಟರು. ನಾಲ್ಕು ಸಿಲಿಂಡರಿನ ನಡುಕ ಕಾರಿನೊಳಗೆ ಬಹಳ ಕಡಿಮೆಯಾಯಿತು. ಜಾಗದ ಆಯ್ಕೆ ಅಷ್ಟು ಕೆಲಸ ಮಾಡುತ್ತದೆ.

ರಬ್ಬರಿನಿಂದ ಆಗದ ಕೆಲಸವೂ ಇದೆ. ಬೆಟಗೇರಿಯ ಮಗ್ಗದವರು ಬಂದು ಪ್ಯಾಡ್ ಕೇಳಿದರೆ ದುಡುಕಬೇಡ. ನಿಮಿಷಕ್ಕೆ 120 ಸಲ ಬಡಿಯುವ ಮಗ್ಗ ಅಂದರೆ ಸೆಕೆಂಡಿಗೆ 2. ಅದನ್ನು ತಡೆಯಲು ಶುರು ಮಾಡಬೇಕಾದರೇ ಪ್ಯಾಡು 12 ಸೆಂಟಿಮೀಟರಿಗಿಂತ ಜಾಸ್ತಿ ಕುಸಿಯಬೇಕು. ಅಂಥ ಪ್ಯಾಡ್ ಇಲ್ಲ. ಸಣ್ಣ ಸದ್ದು, ಚುರುಕು ಅದುರು ಕಡಿಮೆಯಾಗಬಹುದು, ಬಡಿತ ಹೋಗುವುದಿಲ್ಲ. ಅವರಿಗೆ ಇದನ್ನು ಮೊದಲೇ ನೇರವಾಗಿ ಹೇಳು.

ಈಗ ಅಂಚಿನ ಮಾತು. ರಬ್ಬರ್ ಒತ್ತಿದರೆ ಅದರ ಗಾತ್ರ ಕುಗ್ಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ಉಬ್ಬಲು ಜಾಗ ಬಿಡದ ಡ್ರಾಯಿಂಗ್ ನೋಡಿದರೆ ನನಗೆ ಸಂಕಟ ಆಗುತ್ತದೆ. ಸುತ್ತ ಕಬ್ಬಿಣದ ಗೋಡೆ ಕಟ್ಟಿದರೆ ಅದೇ ರಬ್ಬರು ಕಲ್ಲಿನಂತೆ ಗಟ್ಟಿ. ಒತ್ತಡದಲ್ಲೂ, ಪದರು ಪಕ್ಕಕ್ಕೆ ಜಾರುವಂಥ ಸರಿತದಲ್ಲೂ ಅದನ್ನು ದುಡಿಸು, ಎಳೆತಕ್ಕೆ ಮಾತ್ರ ಒಡ್ಡಬೇಡ. ಎಳೆದಾಗ ಅಂಟು ಅಂಚಿನಿಂದ ಸಿಪ್ಪೆ ಸುಲಿದಂತೆ ಬಿಡುತ್ತದೆ. ಉಕ್ಕಿನ ತಟ್ಟೆಯ ಮೂಲೆ ಚೂಪಾಗಿದ್ದರೆ, ಬರ್ ಉಳಿದಿದ್ದರೆ, ಸೀಳು ಅಲ್ಲಿಂದಲೇ ಶುರು. ಮೂಲೆಗೆ ರೇಡಿಯಸ್ ಕೊಟ್ಟು ದುಂಡಗೆ ಮಾಡು. ರಬ್ಬರ್ ತಟ್ಟೆಗೆ ಸೇರುವಲ್ಲಿ ಒಮ್ಮೆಲೆ ನಿಲ್ಲದೆ ಇಳಿಜಾರಾಗಿ ಹರಡಿಕೊಳ್ಳಲಿ.

ಅಂಟಿಸುವ ಕೆಲಸದ ಬಳಿ ನೀನೇ ಹೋಗಿ ನಿಲ್ಲು. ಉಕ್ಕಿಗೆ ಗ್ರಿಟ್ (ಒರಟು ಲೋಹದ ಕಣ) ಹೊಡೆದು, ಎಣ್ಣೆ ತೆಗೆದು, ಪ್ರೈಮರ್ ಹಚ್ಚಿ, ಅದರ ಮೇಲೆ ಅಂಟು ಹಚ್ಚಿ, ಆಮೇಲೆ ಮೋಲ್ಡಿಗೆ. ನಡುವೆ ಬರಿಗೈ ತಾಗಿದರೂ ಬೆರಳಿನ ಎಣ್ಣೆ ಅಲ್ಲಿ ಕೂರುತ್ತದೆ. ತಯಾರಾದ ಕೆಲವು ಮೌಂಟುಗಳನ್ನು ಹರಿಯುವ ತನಕ ಎಳೆಸು. ಹರಿದಾಗ ಎರಡೂ ತಟ್ಟೆಯ ಮೇಲೆ ರಬ್ಬರ್ ಉಳಿದಿದ್ದರೆ ಅಂಟು ಗಟ್ಟಿ. ಬರೀ ಉಕ್ಕು ಹೊಳೆದರೆ ಆ ಬ್ಯಾಚು ಹೊರಗೆ ಹೋಗಬಾರದು. ಯಾರು ಎಷ್ಟೇ ಅವಸರ ಮಾಡಲಿ, ಹೋಗಬಾರದು.

ಬೋಲ್ಟಿನ ತಲೆ ರಬ್ಬರಿನ ಮೇಲೆ ಕೂರಬಾರದು. ರಬ್ಬರ್ ದಿನ ಕಳೆದಂತೆ ನಿಧಾನವಾಗಿ ಕುಸಿಯುತ್ತದೆ, ಅದರೊಂದಿಗೆ ಬಿಗಿತವೂ ಹೋಗುತ್ತದೆ. ನಡುವೆ ಒಂದು ಉಕ್ಕಿನ ಸ್ಲೀವ್, ಅಂದರೆ ಬೋಲ್ಟು ಹಾಯುವ ಗಿಡ್ಡ ಕೊಳವೆ, ಇಡು. ಬೋಲ್ಟು ಉಕ್ಕನ್ನೇ ಕಚ್ಚಿ ಹಿಡಿಯಲಿ. ಜುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ತೋರಿಸಿದ, ಅಡ್ಡ ಅದುರಿಗೆ ಬಿಗಿದ ನಟ್ಟು ತಾನಾಗಿಯೇ ತಿರುಗಿ ಸಡಿಲವಾಗುತ್ತದೆ. ಮಾಮೂಲಿ ಸ್ಪ್ರಿಂಗ್ ವಾಷರ್ ಇದಕ್ಕೆ ಏನೂ ಸಾಲದು. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಅಥವಾ ಹಲ್ಲಿನ ಜೋಡಿ ವಾಷರ್ ಹಾಕು, ಎಷ್ಟು ಬಿಗಿಯಬೇಕು ಎಂಬುದನ್ನು ಡ್ರಾಯಿಂಗಿನಲ್ಲೇ ಬರೆ. ರಬ್ಬರ್ ಪೂರ್ತಿ ಹರಿದರೂ ಎಂಜಿನ್ ಬೀಳದಂತೆ ಮೇಲಿನ ಉಕ್ಕೂ ಕೆಳಗಿನ ಉಕ್ಕೂ ಒಂದಕ್ಕೊಂದು ಸಿಕ್ಕಿಕೊಳ್ಳುವ ಆಕಾರ ಇರಲಿ. ಇದರಲ್ಲಿ ಖರ್ಚು ಉಳಿಸಲು ಯಾರಿಗೂ ಒಪ್ಪಬೇಡ.

ಯಾವ ರಬ್ಬರ್? ಸವೆತಕ್ಕೂ ದಣಿವಿಗೂ ನೈಸರ್ಗಿಕ ರಬ್ಬರೇ ನನ್ನ ಮೊದಲ ಆಯ್ಕೆ. ಆದರೆ ಡೀಸೆಲ್ ಬಿದ್ದರೆ ಅದು ಊದಿಕೊಳ್ಳುತ್ತದೆ. ಮೇಲೆ ಕೊಡೆಯಂಥ ತಗಡಿನ ಟೋಪಿ ಕೊಟ್ಟು ಎಣ್ಣೆ ಹೊರಗೆ ಜಾರುವಂತೆ ಮಾಡು. ಎಣ್ಣೆ ತಪ್ಪಿಸಲು ಆಗದ ಜಾಗಕ್ಕೆ ನೈಟ್ರೈಲ್, ಬಿಸಿಲು ಗಾಳಿಗೆ ನಿಯೊಪ್ರೀನ್. ಸೈಲೆನ್ಸರ್ ಬದಿಯ ಮೌಂಟಿನ ಬಿಸಿ ಅಳೆದು ನೋಡು. 10 ಡಿಗ್ರಿ ಏರಿದರೆ ಬಾಳಿಕೆ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಳ್ಳಬಹುದು.

ಇನ್ನು ಎಂಜಿನ್ನಿಗೆ ತಾಗಿದ ಬೇರೆ ಜೋಡಣೆಗಳು. ನಾಲ್ಕು ಒಳ್ಳೆಯ ಮೌಂಟು ಹಾಕಿ, ಹೊಗೆಯ ಕೊಳವೆಯನ್ನು ಗೋಡೆಗೆ ಗಟ್ಟಿಯಾಗಿ ಕಟ್ಟಿದರೆ ಅದುರು ಆ ದಾರಿಯಲ್ಲಿ ಕಟ್ಟಡಕ್ಕೆ ಹೋಗುತ್ತದೆ. ಕೊಳವೆಯೂ ಬಿರುಕು ಬಿಡುತ್ತದೆ. ಹೊಗೆಗೆ ಬೆಲ್ಲೋಸ್ (ಮಡಿಕೆಯಿರುವ, ಬಗ್ಗುವ ಕೊಳವೆ), ಡೀಸೆಲ್ಲಿಗೆ ಹೋಸ್, ವೈರಿಗೆ ಒಂದು ಸುತ್ತು ಸಡಿಲು ಬೇಕು. ರಬ್ಬರ್ ಕರೆಂಟನ್ನೂ ತಡೆಯುತ್ತದೆ. ಹಾಗಾಗಿ ಎಂಜಿನ್ನಿನಿಂದ ಚೌಕಟ್ಟಿಗೆ ಹೆಣೆದ ತಾಮ್ರದ ಅರ್ತಿಂಗ್ ಪಟ್ಟಿ ಹಾಕಿಸುವುದನ್ನು ಮರೆಯಬೇಡ ನನ್ನವ್ವಾ.

ಮುಂದಿನದಕ್ಕೂ ಹಿಂದಿನದಕ್ಕೂ ಒಂದೊಂದು ಬಣ್ಣದ ಚುಕ್ಕೆ ಇಡಿಸು. ಸಾಧ್ಯವಾದರೆ ಬೋಲ್ಟಿನ ಅಳತೆಯನ್ನೇ ಬೇರೆ ಮಾಡು. ರಾತ್ರಿ ಹೊತ್ತು ಬ್ಯಾಟರಿ ಬೆಳಕಿನಲ್ಲಿ ಬದಲಾಯಿಸುವ ಫಿಟ್ಟರ್ ಅವನ್ನು ಅದಲು ಬದಲು ಮಾಡಲು ಆಗಲೇಬಾರದು. ಮೌಂಟ್ ಕೂತಿರುವಾಗ ಪಕ್ಕದಲ್ಲಿ ವೆಲ್ಡಿಂಗ್ ಮಾಡಬಾರದು ಎಂದೂ ಅವನಿಗೆ ತಿಳಿದಿರಲಿ.

ಡ್ರಾಯಿಂಗ್ ಮುಗಿಸುವ ಮೊದಲು ಗೋಕುಲ್ ರೋಡಿನ ಗ್ಯಾರೇಜುಗಳಿಗೆ ಹೋಗು. ಬಿಚ್ಚಿ ಎಸೆದ ಮೌಂಟುಗಳನ್ನು ಕೇಳಿ ತಗೋ. ಉದ್ದಕ್ಕೆ ಕೊಯ್ದು, ಸೀಳು ಎಲ್ಲಿ ಶುರುವಾಗಿದೆ, ಎಣ್ಣೆ ಎಲ್ಲಿಯ ತನಕ ಇಳಿದಿದೆ ಎಂದು ಗುರುತು ಹಾಕು. ಅವನ್ನೂ ನಿನ್ನ ಡ್ರಾಯಿಂಗನ್ನೂ ತಗೊಂಡು ಭಾನುವಾರ ಧಾರವಾಡಕ್ಕೆ ಬಾ. ಸ್ಲೀವಿನ ಉದ್ದವನ್ನು ಮೊದಲು ನೋಡೋಣ. ಕಾಕಿ ನಿನಗಾಗಿ ಗಿರ್ಮಿಟ್ಟು ಮಾಡುತ್ತಾಳಂತೆ.

ಇಂತಿ,
ನಿನ್ನ ಕಾಕಾ