ಡೋಲು ಬಾರಿಸುವುದಿಲ್ಲ ಎನ್ನುವ ಹಕ್ಕು

ಪರದೇಶದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿವರ್ಷ ‘ಬುಡಕಟ್ಟು ನೃತ್ಯ’ ಎಂಬ ಸಾಲೊಂದು ಇದ್ದೇ ಇರುತ್ತದೆ. ಮಕ್ಕಳ ಮುಖಕ್ಕೆ ಮಸಿ, ಸೊಂಟಕ್ಕೆ ಪ್ಲಾಸ್ಟಿಕ್ ಎಲೆ, ನಡುನಡುವೆ ‘ಹೋ ಹೋ’ ಕೂಗು. ಯಾವ ಬುಡಕಟ್ಟು ಎಂದು ಯಾರೂ ಕೇಳುವುದಿಲ್ಲ. ಈ ಸಲ ಸಮಿತಿಯ ಸಭೆಯಲ್ಲಿ ದಕ್ಷಿಣ ಕನ್ನಡದ ಸದಸ್ಯೆಯೊಬ್ಬರು ಕೇಳಿದರು. ‘ಪುಟ್ಟ ಮಕ್ಕಳ ಕುಣಿತದಲ್ಲೂ ತಪ್ಪು ಹುಡುಕಬೇಕೇ?’ ಎಂದು ಕೆಲವರು ಗೊಣಗಿದರು. ಹುಡುಕಬೇಕು ಎಂಬುದೇ ನನ್ನ ಅಭಿಪ್ರಾಯ, ಏಕೆಂದರೆ ಆ ಎಲೆಯುಡುಗೆಗೆ ಒಂದು ಚರಿತ್ರೆಯಿದೆ.

ತುಳುನಾಡಿನ ಬುಡಕಟ್ಟಾದ ಕೊರಗರ ಬಗ್ಗೆ ಬ್ರಿಟಿಷರ ಕಾಲದಲ್ಲಿ ಬರೆದವರು ‘ಸಪ್ಪು ಕೊರಗ’, ‘ಅಂಡೆ ಕೊರಗ’ ಎಂಬ ಪಂಗಡಗಳನ್ನು ಹೆಸರಿಸಿದ್ದಾರೆ. ಮೊದಲಿನವರು ಬಟ್ಟೆಯ ಬದಲು ಸೊಪ್ಪು ಉಟ್ಟವರು. ಎರಡನೆಯವರು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾಗಿದ್ದವರು. ದಾರಿಯಲ್ಲಿ ಉಗುಳಿದರೆ ಮೈಲಿಗೆಯೆಂದು ಅದರೊಳಗೇ ಉಗುಳಬೇಕಿತ್ತು. ಅಜಲು ಎಂಬ ಪದ್ಧತಿಯಲ್ಲಿ ಮೇಲ್ಜಾತಿಯವರು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ಮನೆಯ ರೋಗವನ್ನು ಅವರ ಮೈಗೆ ದಾಟಿಸುತ್ತಿದ್ದರು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಮಂಜಿನಲ್ಲೇ ಕೂತು ಬೆಳಗಿನವರೆಗೆ ಡೋಲು ಬಾರಿಸಬೇಕಿತ್ತು. ಕೋಣಗಳ ಕಾಲಿಗೆ ಮುಳ್ಳು ಚುಚ್ಚೀತೆಂದು ಮೊದಲು ಕೊರಗರನ್ನೇ ಓಡಿಸಿ ನೋಡುತ್ತಿದ್ದರು. ಇದೆಲ್ಲ ಪುರಾಣಕಾಲದ ಮಾತಲ್ಲ, ಅಜಲನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ರಲ್ಲಿ.

ಸಂಸ್ಕೃತಿ ಉಳಿಯಬೇಕೆಂದು ನಾವು ಪರದೇಶದಲ್ಲಿದ್ದುಕೊಂಡು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗಾದರೆ ಆ ಡೋಲು ಉಳಿಯಬೇಕೋ ಬೇಡವೋ? ಕೊರಗರಲ್ಲೇ ಇದಕ್ಕೆ ಒಂದೇ ಉತ್ತರವಿಲ್ಲ. ಡೋಲು ಮುಟ್ಟುವುದಿಲ್ಲ ಎಂದವರಿದ್ದಾರೆ. ಅದು ನಮ್ಮದೇ ಕಲೆ, ಕರೆದಲ್ಲಿಗೆಲ್ಲ ಹೋಗದೆ ಸಂಭಾವನೆ ಗೊತ್ತುಮಾಡಿಕೊಂಡು ವೇದಿಕೆಯ ಮೇಲೆ ಬಾರಿಸುತ್ತೇವೆ ಎಂದು ತಂಡ ಕಟ್ಟಿದವರೂ ಇದ್ದಾರೆ. ಎರಡೂ ಸರಿಯೇ, ತೀರ್ಮಾನ ಅವರದಾಗಿರುವ ತನಕ. ಅಷ್ಟಮಿ, ನವರಾತ್ರಿಗಳಲ್ಲಿ ಮೈಗೆ ಕಪ್ಪು ಬಳಿದುಕೊಂಡು ‘ಕೊರಗ ವೇಷ’ ಹಾಕುತ್ತಿದ್ದ ಊರವರಿಗೆ ‘ನಮ್ಮನ್ನು ಅಣಕಿಸಬೇಡಿ’ ಎಂದು ಹೇಳಿದವರೂ ಅವರೇ.

ಹೀಗೆ ಬೇಕು ಬೇಡ ಹೇಳುವ ಬಲ ಬಂದದ್ದರಲ್ಲಿ ಶಾಲೆಯ ಪಾಲು ದೊಡ್ಡದು. ಮಂಗಳೂರಿನಲ್ಲಿ ಸಮಾಜ ಸುಧಾರಕ ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಜಾತಿಯವರಿಂದ ಬಹಿಷ್ಕಾರ ಉಂಡರು. ತಾವು ಓದಿಸಿದ ಮಗುವೊಂದು ಸರಕಾರಿ ಕೆಲಸ ಹಿಡಿದು ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂಬ ಅವರ ಆಸೆಯನ್ನು ಸಮಾಧಿಯ ಮೇಲೆ ಕೆತ್ತಿದ್ದಾರೆ. ಇಂದು ಕೊರಗ ಸಮುದಾಯದಲ್ಲಿ ಪದವೀಧರರಿದ್ದಾರೆ, ಸ್ನಾತಕೋತ್ತರ ಮುಗಿಸಿದವರಿದ್ದಾರೆ. ಓದಿದ ಮೇಲೂ ಕೆಲಸ ಸಿಗದೆ, ನೇರ ನೇಮಕಾತಿ ಮಾಡಿಕೊಳ್ಳಿ ಎಂದು ಧರಣಿ ಕೂರುತ್ತಿರುವವರೂ ಇದ್ದಾರೆ. ಕಾರಿನ ಮಾತು ಹಾಗಿರಲಿ.

ಭಾಷೆಯ ಸಂಗತಿ ಇನ್ನೂ ತೊಡಕಿನದು. ಕೊರಗರಿಗೆ ತಮ್ಮದೇ ಆದ ದ್ರಾವಿಡ ಭಾಷೆಯಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಅದರ ಬಗ್ಗೆ 1971ರಲ್ಲಿ ಪುಸ್ತಕ ಪ್ರಕಟಿಸಿದ್ದರು. ಊರಿನಲ್ಲಿ ತುಳು, ತರಗತಿಯಲ್ಲಿ ಕನ್ನಡ. ಪ್ರಾಥಮಿಕ ಶಾಲೆಯಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಒಟ್ಟು ಹತ್ತಾರು ಸಾವಿರ ಜನರಷ್ಟೇ ಇರುವ, ಲಿಪಿಯಿಲ್ಲದ ಭಾಷೆಯ ಮನೆಗೆ ಆ ವಿಧಿ ಬಂದು ಬಾಗಿಲು ತಟ್ಟಲಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ ಮಾತಾಡಲು ನಾಚುತ್ತಾರೆಂದು ಈ ಪತ್ರಿಕೆಯಲ್ಲಿ ಎಷ್ಟು ಪುಟ ಬರೆದಿದ್ದೇವೆ! ಅಲ್ಲಿ ಅದೇ ಕನ್ನಡ ದೊಡ್ಡ ಭಾಷೆಯಾಗಿ ಇನ್ನೊಂದು ಮಗುವಿನ ಬಾಯಿ ಕಟ್ಟಿಸಿದೆ. ಕನ್ನಡ ಸಂಘಗಳು ಇದನ್ನು ಆಡಿದ್ದು ಕಡಿಮೆ, ನಮ್ಮದೂ ಸೇರಿ.

ಅಂದಹಾಗೆ, ನಮ್ಮ ತುಳು ಸದಸ್ಯರ ಎಷ್ಟೋ ಮನೆಗಳಲ್ಲಿ ಕಳೆದುಹೋದ ಪಾಸ್‌ಪೋರ್ಟ್ ಸಿಗಲೆಂದು ಕೊರಗರ ಕುಲದಲ್ಲಿ ಹುಟ್ಟಿ ದೈವವಾದನೆಂದು ನಂಬುವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತಾರೆ. ಭಕ್ತಿಗೆ ನನ್ನ ತಕರಾರಿಲ್ಲ. ಅಜ್ಜನ ಕುಲದವರು ಕೇಳುತ್ತಿರುವುದು ಮಾತ್ರ ಬೇರೆ: ಉದ್ಯೋಗ, ಮತ್ತು ಭೂಮಿ. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದು 1994ರಲ್ಲೇ ಕೊರಗರ ಸ್ಥಿತಿಗತಿ ಕುರಿತ ಮಹಮ್ಮದ್ ಪೀರ್ ವರದಿ ಶಿಫಾರಸು ಮಾಡಿತ್ತು. ಅದಕ್ಕಾಗಿ ಅವರ ಹೋರಾಟ ಇನ್ನೂ ನಿಂತಿಲ್ಲ. ಹೊಲವಿದ್ದ ಮನೆಯ ಮಗು ಬುಟ್ಟಿ ಹೆಣೆಯಲು ಶಾಲೆ ಬಿಡಬೇಕಾಗಿಲ್ಲ ಎಂಬುದು ಅವರ ಲೆಕ್ಕ.

ಕೊನೆಗೆ ಸಮಿತಿ ತೀರ್ಮಾನಿಸಿದ್ದು ಇಷ್ಟು. ಈ ವರ್ಷ ಎಲೆಯುಡುಗೆಯ ಕುಣಿತವಿಲ್ಲ. ಅದನ್ನು ಕಲಿಯುತ್ತಿದ್ದ ಮಕ್ಕಳಿಗೆ ಕೋಲಾಟ. ಮುಂದಿನ ವರ್ಷ ಕರಾವಳಿಯಿಂದ ಕೊರಗರ ಡೋಲು ತಂಡವೊಂದನ್ನು ಕರೆಸಬಹುದೇ ಎಂದು ವಿಚಾರಿಸುತ್ತೇವೆ. ಅವರು ಒಪ್ಪಿದರೆ ಸಿನಿಮಾ ಗಾಯಕರಿಗೆ ಕೊಡುವಂತೆಯೇ ವಿಮಾನದ ಟಿಕೆಟ್, ಹೋಟೆಲು, ಮುಂಗಡ ಹಣ. ಖಜಾಂಚಿಯವರು ಈ ಕೊನೆಯ ವಾಕ್ಯಕ್ಕೆ ಇನ್ನೂ ಸಹಿ ಹಾಕಿಲ್ಲ. ಒಪ್ಪದವರು ಪತ್ರ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿದ್ದೇನೆ.